ಪರೀಕ್ಷೆಯ ದಿನ ಮಗಳನ್ನು ಮನೆಯಲ್ಲಿಡಿ

ಕರಿದಿನ್ನಿ,
ಫೆಬ್ರವರಿ ಮೂವತ್ತು, ೨೧೪೮

ಮಾಸ್ತರರ ಏರುವೇತನದ ಮೊದಲ ಆದೇಶಕ್ಕೆ ಸಹಿ ಹಾಕಲು ಕುಳಿತಿರುವ ಹಿರಿಯರಿಗೆ, ಯಂಕಮ್ಮನ ನಮಸ್ಕಾರ.

ಮೇಲಿನ ದಿನ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಕ್ಷಮೆ ಕೇಳುವುದು ಮಾತಿಗಷ್ಟೇ, ಸಿಟ್ಟಿಗಲ್ಲ.

ನಾನು ಬಿಸಿಲಹಾಸು ತೊಳೆಯುವವಳು. ನಿಮ್ಮ ಕಾಲದಲ್ಲಿ ಭತ್ತ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಕಣ್ಣು ಹಾಯುವಷ್ಟು ದೂರ ಕರೆಂಟು ಹುಟ್ಟಿಸುವ ಗಾಜಿನ ಹಾಸು. ಊರ ಹೆಂಗಸರೆಲ್ಲ ತಂಪು ಹೊತ್ತಿನಲ್ಲೇ ಹೋಗಿ ಅದರ ಧೂಳು ತೆಗೆಯುತ್ತೇವೆ. ಬಿಸಿಲೇರಿದ ಮೇಲೆ ಮುಟ್ಟಿದರೆ ಅಂಗೈಗೆ ಬೊಬ್ಬೆ ಏಳುತ್ತದೆ. ಶಾಲೆಯೂ ನಸುಕಿಗೇ ಶುರುವಾಗುತ್ತದೆ. ಪ್ರತಿ ತರಗತಿಯ ಗೋಡೆಯಲ್ಲಿ ಒಂದು ಕೇಳುಕಿಂಡಿ ಇದೆ. ವರ್ಷಕ್ಕೊಮ್ಮೆ ಮಕ್ಕಳು ಅದರ ಮುಂದೆ ನಿಂತು ಪಾಠ ಓದಬೇಕು. ಅದು ಕೇಳಿಸಿಕೊಂಡು ಅಂಕ ಕೊಡುತ್ತದೆ. ತರಗತಿಯ ಅಂಕ ಏರಿದರೆ ಮಾಸ್ತರರ ಸಂಬಳ ಏರುತ್ತದೆ. ಅಂದು ಬಾರದ ಮಗು ಲೆಕ್ಕಕ್ಕಿಲ್ಲ. ಒಳ್ಳೆಯ ಮಾಸ್ತರರಿಗೆ ಬಹುಮಾನವೆಂದು ನೀವು ಶುರು ಮಾಡಿದಿರಿ. ಈಗ ಬರೀ ಮೂಲ ಸಂಬಳದಲ್ಲಿ ಯಾವ ಮಾಸ್ತರರ ಮನೆಯೂ ನಡೆಯುವುದಿಲ್ಲ. ಬಹುಮಾನವೇ ಅನ್ನವಾಗಿದೆ.

ನನ್ನ ಮಗಳು ಹುಲಿಗೆಮ್ಮ ಉಗ್ಗುತ್ತಾಳೆ. ಮಾತು ಸಿಕ್ಕಿಕೊಂಡರೆ ತೊಡೆ ತಟ್ಟುತ್ತ ಮುಂದಿನ ಪದ ಹಿಡಿಯುವುದನ್ನು ಅವಳಿಗೆ ಕಲಿಸಿದವರು ಅಮರೇಗೌಡ ಮಾಸ್ತರು. ಇಡೀ ಪಾಠವನ್ನು ಅವಳು ನಿಧಾನವಾಗಿ, ಒಂದೂ ತಪ್ಪಿಲ್ಲದೆ ಓದುವಂತಾದಾಗ ಅವರೇ ಚಪ್ಪಾಳೆ ತಟ್ಟಿದ್ದರು. ಆದರೆ ಕೇಳುಕಿಂಡಿ ನಿಧಾನವನ್ನು ಕೇಳಿಸಿಕೊಳ್ಳುವುದಿಲ್ಲ. ತುಸು ಮೌನವಾದರೂ ಮಗುವಿಗೆ ಬರುವುದಿಲ್ಲವೆಂದು ಬರೆದುಕೊಳ್ಳುತ್ತದೆ.

ಪರೀಕ್ಷೆಯ ಹಿಂದಿನ ಸಂಜೆ ಮಾಸ್ತರು ನಮ್ಮ ಬಾಗಿಲಿಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಯಂಕಮ್ಮ, ನಾಳಿಗೆ ಹುಡುಗೀನ ಸಾಲಿಗೆ ಕಳಸಬ್ಯಾಡ. ಮೈಯಾಗ ಆರಾಮಿಲ್ಲ ಅಂತ ಬರಕೋತೀನಿ."

"ಆಕಿಗೆ ಓದಾಕ ಬರತೈತಿ. ಕಲಿಸಿದವರು ನೀವ ಅಲ್ಲೇನ್ರಿ?"

"ನನಗ ಗೊತ್ತೈತಿ. ಅದಕ್ಕ ಗೊತ್ತಾಗಂಗಿಲ್ಲ. ನನಗೂ ಮಕ್ಕಳು ಅದಾವ."

"ನಿಮ್ಮ ಮಕ್ಕಳು ಉಣ್ಣಾಕ ನನ್ನ ಮಗಳು ಮೂಕಿ ಆಗಬೇಕೇನ್ರಿ?"

ಅವರು ತಲೆ ತಗ್ಗಿಸಿ ಹೊರಟುಹೋದರು. ಒಳಗೆ ರೊಟ್ಟಿ ತಿನ್ನುತ್ತಿದ್ದ ಹುಲಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಕೈಹಿಡಿದು ನಾನೇ ಅವಳನ್ನು ಶಾಲೆಗೆ ಕರೆದೊಯ್ದೆ. ಎರಡನೇ ಸಾಲಿನಲ್ಲೇ ಮಾತು ಸಿಕ್ಕಿಕೊಂಡಿತು. ಕಿಂಡಿಯ ಕೆಂಪು ದೀಪ ಹತ್ತಿ ಆರಿಹೋಯಿತು. ಮಗಳು ಬಿಡಲಿಲ್ಲ. ಸತ್ತ ಕಿಂಡಿಯೆದುರು ನಿಂತು, ತೊಡೆ ತಟ್ಟುತ್ತ, ಪಾಠವನ್ನು ಕೊನೆಯವರೆಗೂ ಓದಿದಳು. ಮಾಸ್ತರು ಗೋಡೆ ನೋಡುತ್ತ ನಿಂತಿದ್ದರು.

ಆ ವರ್ಷ ಅವರಿಗೆ ಏರುವೇತನ ಸಿಗಲಿಲ್ಲ. ಅವರು ಮಗಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಪ್ರಶ್ನೆ ಕೇಳುವುದನ್ನಷ್ಟೇ ನಿಲ್ಲಿಸಿದರು. ಬರಬರುತ್ತ ಅವಳು ಮನೆಯಲ್ಲೂ ಮಾತು ಬಿಟ್ಟಳು.

ಹಾಸು ಒರೆಸುತ್ತ ಇದನ್ನು ಹೇಳಿ ಅತ್ತಾಗ ಪಕ್ಕದಲ್ಲಿದ್ದ ಮಾಬಮ್ಮ ಬಟ್ಟೆ ಕೆಳಗಿಟ್ಟಳು. "ನಮ್ಮ ಮನಿಗೂ ಬಂದಿದ್ರವ್ವ. ನಮ್ಮ ಹುಡುಗ ಒಬ್ಬನ ದಡ್ಡ ಅಂತ ನಾಚಿಕಿಯಿಂದ ಬಾಯಿ ಮುಚ್ಕೊಂಡಿದ್ದೆ." ಆ ಸಾಲಿನುದ್ದಕ್ಕೂ ಹೆಂಗಸರ ಕೈಗಳು ನಿಂತವು. ಮಾಸ್ತರು ಎಷ್ಟು ಬಾಗಿಲಿಗೆ ಹೋಗಿದ್ದರೋ!

ಮುಂದಿನ ಪರೀಕ್ಷೆಗೆ ನಾವು ಊರಿನ ಒಂದು ಮಗುವನ್ನೂ ಕಳಿಸಲಿಲ್ಲ. ಜಾಣ ಮಕ್ಕಳ ತಾಯಂದಿರೂ ಕಳಿಸಲಿಲ್ಲ. ಮೇಲಿನಿಂದ ಬಂದ ಅಧಿಕಾರಿಗಳು ಖಾಲಿ ಕೋಣೆಗಳನ್ನು ನೋಡಿ ನಮ್ಮ ಶಾಲೆಯನ್ನು ಏರುವೇತನದಿಂದಲೇ ಕೈಬಿಟ್ಟರು. ಗೆದ್ದೆವೆಂದುಕೊಂಡೆವು. ಆದರೆ ಬಹುಮಾನವಿಲ್ಲದ ಊರಿನಲ್ಲಿ ಯಾವ ಮಾಸ್ತರು ಉಳಿದಾರು? ಒಬ್ಬೊಬ್ಬರಾಗಿ ವರ್ಗ ಮಾಡಿಸಿಕೊಂಡು ಹೋದರು. ಅಮರೇಗೌಡ ಮಾಸ್ತರೂ ಹೋದರು. ಈಗ ನಾವೇ ಕೈಲಾದಷ್ಟು ಕಲಿಸುತ್ತಿದ್ದೇವೆ. ನಮ್ಮ ಕೈಲಾಗುವುದು ಬಹಳವೇನಿಲ್ಲ.

ಸ್ವಾಮಿ, ಮಾಸ್ತರಿಗೆ ಹೊಟ್ಟೆ ತುಂಬ ಸಂಬಳ ಕೊಡಿ. ಎಲ್ಲರಿಗೂ ಕೊಡಿ. ಆದರೆ ಅದನ್ನು ಒಂದು ಮಗುವಿನ ನಾಲಿಗೆಗೆ ಕಟ್ಟಬೇಡಿ. ಅಮರೇಗೌಡರು ಕೆಟ್ಟವರಾಗಿದ್ದರೆ ನಾನು ಅವರನ್ನೇ ಬೈದು ಸುಮ್ಮನಾಗುತ್ತಿದ್ದೆ. ಅವರು ಒಳ್ಳೆಯವರಿದ್ದರು. ಅಂಥವರನ್ನು ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವಂತೆ ಮಾಡಿದವರು ನೀವು.

ಪೆನ್ನು ಕೆಳಗಿಡಿ.

ಯಂಕಮ್ಮ,
ಹುಲಿಗೆಮ್ಮನ ತಾಯಿ