ಎಲ್ಲಿಗೂ ಸಿಕ್ಕಿಸದ ಇಯರ್‌ಫೋನ್

ನೋಡಮ್ಮ,

ಎದ್ದವಳು ನನ್ನನ್ನು ಹುಡುಕಬೇಡ. ತಂಗಿ ಮನೆಗೆ ಹೊರಟಿದ್ದೀನಿ. ನಿನ್ನ ನರ್ಸಿಂಗ್ ಪರೀಕ್ಷೆ ಮುಗಿಯೋವರೆಗೆ ಅಲ್ಲೇ ಇರ್ತೀನಿ. ಮುನಿಸ್ಕೊಂಡು ಹೋಗ್ತಿಲ್ಲ.

ಹಾಲು ಕಾಯಿಸಿಟ್ಟಿದ್ದೀನಿ. ಮೂರು ದಿನ ಅಡುಗೆ ನಿನ್ನ ಗಂಡನದು. ಉಪ್ಪು ಹೆಚ್ಚಾದ್ರೂ ಸುಮ್ಮನೆ ತಿನ್ನು, ಒಲೆ ಹತ್ರ ಮಾತ್ರ ಹೋಗಬೇಡ.

ಕಿವಿಯಲ್ಲಿ ಟಕ್ ಟಕ್ ಅಂತ ಒಂದೇ ತಾಳ ಕೇಳ್ತಿದ್ರೆ ಓದು ತಲೆಗೆ ಹತ್ತುತ್ತೆ ಅಂತ ನೀನು ಹೇಳಿದ್ದನ್ನ ನಂಬಿದ್ದೆ. ಸ್ವೆಟರ್ ಹೆಣೆಯುವಾಗ ನನಗೂ ಎಣಿಕೆ ತಪ್ಪುತ್ತಲ್ಲ, ಒಂದು ಸಲ ಕೇಳಿ ನೋಡೋಣ ಅಂತ ನಿನ್ನೆ ಸಂಜೆ ನಿನ್ನ ಬೆನ್ನ ಹಿಂದೆ ಬಂದು ನಿಂತೆ. ನೀನು ಇಯರ್‌ಫೋನ್ ಹಾಕ್ಕೊಂಡು ಓದ್ತಾ ಇದ್ದೆ. ಅದರ ವೈರಿನ ತುದಿ ಎಲ್ಲಿಗೂ ಸಿಕ್ಕಿಸದೆ ಪುಸ್ತಕದ ಪಕ್ಕ ಬಿದ್ದಿತ್ತು. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿತ್ತು!

ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ನಗು ಬಂತು. "ಅತ್ತೆ, ಸ್ವಲ್ಪ ಸುಮ್ಮನಿರಿ" ಅನ್ನೋಕಾಗದೆ, ಪಾಪ, ಎಷ್ಟು ದಿನ ಕಿವಿ ಬೆವರಿಸ್ಕೊಂಡ್ಯೋ. ಹೋದ ಸಲ ನೀನು ಫೇಲಾದಾಗ, ಓದಿದ್ದು ಸಾಲದು ಅಂದವಳೂ ನಾನೇ.

ಧೈರ್ಯವಾಗಿ ಬರಿ.

ಶುಕ್ರವಾರ ಸಂಜೆ ಬರ್ತೀನಿ. ಮೂರು ದಿನದ ಮಾತು ಬಾಕಿ ಇರುತ್ತೆ. ಬೇಕಾದ್ರೆ ಇಯರ್‌ಫೋನ್ ಹಾಕ್ಕೊಂಡೇ ಕೂತ್ಕೋ. ಎಲ್ಲ ಕೇಳಿಸುತ್ತೆ ಅಂತ ಈಗ ನನಗೆ ಗೊತ್ತಲ್ಲ.

ನಿನ್ನ ಅತ್ತೆ