ಅಚ್ಚುಕೂಟದ ಹಿತ್ತಲಿನ ಸೊಪ್ಪು

ಫೆಬ್ರುವರಿ ೧೯

ಪ್ರೀತಿಯ ಮಗಳೇ,

ನಿನ್ನ ಕಾಗದ ಕೈಸೇರಿ ಇಪ್ಪತ್ತೆರಡು ದಿನವಾಯಿತು. ತಡವಾದದ್ದಕ್ಕೆ ಕೈನಡುಕದ ನೆಪ ಹೇಳಬಹುದು, ಅಕ್ಷರ ನೋಡಿದರೆ ನೀನು ನಂಬುತ್ತೀಯ ಕೂಡ. ಆದರೆ ಇದೇ ನಡುಗುವ ಕೈಯಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಹರಿದು ಹಾಕಿದ್ದೇನೆ. ಕ್ಷಮಿಸು. ನಾವಿಬ್ಬರೂ ಹೇಗೋ ಇದ್ದೇವೆ. ಅಮ್ಮನಿಗೆ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ಜ್ಞಾಪಕಕ್ಕೆ ಬರುತ್ತದಂತೆ. ಪಕ್ಕದ ಮನೆಯ ದರ್ಜಿ ಕನ್ನಡಕ ಕಳೆದುಕೊಂಡು ನನ್ನ ಪ್ಯಾಂಟಿನ ಎರಡು ಕಾಲಿಗೆ ಎರಡು ಅಳತೆ ಇಟ್ಟಿದ್ದಾನೆ. ಕೇಳಿದರೆ, "ನಡೀವಾಗ ಯಾರಿಗೂ ಗೊತ್ತಾಗಲ್ಲ ಬಿಡಿ" ಅನ್ನುತ್ತಾನೆ.

ಗುಬ್ಬಿ ಬಿಳಿಚಿಕೊಂಡಿದ್ದಾಳೆ, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ, ಶಾಲೆಯಲ್ಲಿ ಕಲಿತದ್ದು ಮರುದಿನಕ್ಕೆ ಮರೆಯುತ್ತಾಳೆ ಎಂದು ಬರೆದಿದ್ದೀಯ. ರಕ್ತ ಕಡಿಮೆ, ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದರೆ, ಅವಳು "ಅಜ್ಜನ ಸೊಪ್ಪೇ ಬೇಕು" ಎಂದು ತಟ್ಟೆ ತಳ್ಳುತ್ತಾಳೆ. ಅದಕ್ಕೇ ಮನೆ ಮುಂದಿನ ಹತ್ತಡಿ ಜಾಗದಲ್ಲಿ ನನ್ನ ಹಾಗೆ ಬೆಳೆಯುವುದು ಹೇಗೆಂದು ಕೇಳಿದ್ದೀಯ. ಹೇಳುತ್ತೇನೆ. ಆದರೆ ಈ ಕಾಗದವನ್ನು ಪೂರ್ತಿ ಓದಿ ಮುಗಿಸುವವರೆಗೆ ಗುದ್ದಲಿ ಮುಟ್ಟಬೇಡ.

ಬೆಳಗಿನ ಬಿಸಿಲು ನಾಲ್ಕೈದು ಗಂಟೆಯಾದರೂ ಬೀಳುವ ಕಡೆ ಪಾತಿ ಮಾಡು. ಗೊಬ್ಬರಕ್ಕೆ ಅಡುಗೆಮನೆಯ ಸಿಪ್ಪೆ ಒಂದು ಪಾಲು, ಒಣಗಿದ ಎಲೆ ಮೂರು ಪಾಲು ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ತಿರುವು. ನಾತ ಬಂದರೆ ಎಲೆ ಸಾಲದು ಎಂದರ್ಥ. ಮಣ್ಣಿನ ವಾಸನೆ ಬಂದಾಗ ಗೊಬ್ಬರ ಆಯಿತು. ಸೊಪ್ಪಿನ ಬೀಜವನ್ನು ಮರಳಿನ ಜೊತೆ ಬೆರೆಸಿ ಚೆಲ್ಲು, ಇಲ್ಲದಿದ್ದರೆ ಒಂದೇ ಕಡೆ ಗುಂಪು ಕಟ್ಟುತ್ತವೆ. ಮೂಲಂಗಿಗೆ ನಾಲ್ಕು ಬೆರಳು ಅಂತರ ಇರಲಿ. ಒತ್ತಾಗಿ ಮೊಳೆತವನ್ನು ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳು. ನೀರು ಬೆಳಿಗ್ಗೆ, ಎಲೆಗಲ್ಲ, ಬುಡಕ್ಕೆ. ಬುಡಕ್ಕೆ ಒಣಹುಲ್ಲು ಹೊದಿಸಿದರೆ ಅರ್ಧ ನೀರು ಸಾಕು. ಹೊರಗಿನ ಎಲೆ ಕೊಯ್ದು ನಡುವಿನ ಸುಳಿ ಬಿಟ್ಟರೆ ಒಂದೇ ಗಿಡ ಎರಡು ತಿಂಗಳು ಕೊಡುತ್ತದೆ. ಒಂದು ಬೆಳೆ ತೆಗೆದ ಪಾತಿಗೆ ಮರುಸಲ ಅದನ್ನೇ ಹಾಕಬೇಡ.

ಗೋಡೆಯಾಚೆಯಿಂದ ಯಾರು ಕೇಳಿದರೂ ಇಷ್ಟನ್ನು ನಾನು ಬಾಯಿಪಾಠದ ಹಾಗೆ ಒಪ್ಪಿಸುತ್ತಿದ್ದೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದೊಂದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಬೀಜ ಹಾಕುವ ಮೊದಲು ಆ ನೆಲದಲ್ಲಿ ಹಿಂದೆ ಏನಿತ್ತು ಎಂದು ವಿಚಾರಿಸು.

ನಮ್ಮ ಹಿತ್ತಲಿನಲ್ಲಿ ಹಿಂದೆ ಏನಿತ್ತು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತಾರು ವರ್ಷ ಆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು ನಾನು. ಸವೆದ ಸೀಸದ ಮೊಳೆಗಳನ್ನು ತಿಂಗಳಿಗೊಮ್ಮೆ ಹಿತ್ತಲಿಗೆ ಒಯ್ದು, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಮೇಲೆ ತೇಲಿದ ಕಿಟ್ಟವನ್ನು ಸೌಟಿನಲ್ಲಿ ತೆಗೆದು ಅಲ್ಲೇ ಚೆಲ್ಲುತ್ತಿದ್ದೆವು. ಕೂಟ ಮುಚ್ಚಿದಾಗ ಮಾಲೀಕರು ಹಿಂದಿನ ಎರಡು ಕೋಣೆಯನ್ನೂ ಹಿತ್ತಲನ್ನೂ ನಮಗೆ ಬಿಟ್ಟುಕೊಟ್ಟರು. ಆ ಬೂದಿಬಣ್ಣದ ನೆಲವನ್ನು ನಾನೇ ಅಗೆದೆ. ಬೂದಿ ಗಿಡಕ್ಕೆ ಒಳ್ಳೆಯದಲ್ಲವೇ ಎಂದು ಸಂತೋಷವನ್ನೂ ಪಟ್ಟೆ.

ಕಳೆದ ವರ್ಷ ಹುರುಳಿಕಾಯಿ ಬಳ್ಳಿ ಹಳದಿಯಾಯಿತೆಂದು ಮಣ್ಣು ಪರೀಕ್ಷೆಗೆ ಕೊಟ್ಟಿದ್ದೆ. ಫಲಿತಾಂಶದ ಕಾಗದ ಹಿಡಿದುಕೊಂಡು ಪರೀಕ್ಷಾ ಕೇಂದ್ರದ ಹೆಣ್ಣುಮಗಳೇ ಮನೆಗೆ ಬಂದಳು.

"ಮಣ್ಣಲ್ಲಿ ಹೊಳೆಯೋ ಚೂರು ಇತ್ತು ಯಜಮಾನ್ರೇ, ಅನುಮಾನ ಬಂದು ಸೀಸಕ್ಕೂ ಪರೀಕ್ಷೆ ಮಾಡಿಸ್ದೆ. ಇರಬೇಕಾದ್ದಕ್ಕಿಂತ ಹನ್ನೊಂದು ಪಟ್ಟು ಇದೆ. ಇದರಲ್ಲಿ ಬೆಳೆದದ್ದು ತಿನ್ನಬೇಡಿ. ಸೊಪ್ಪು, ಗೆಡ್ಡೆ ಅಂತೂ ಮುಟ್ಟಲೇಬೇಡಿ."

"ಅರವತ್ತೆಂಟಾಯ್ತಮ್ಮ ನನಗೆ, ಗುಂಡುಕಲ್ಲಿನ ಹಾಗಿದೀನಿ" ಅಂದೆ.

"ದೊಡ್ಡವರು ಹೇಗೋ ತಡ್ಕೋತಾರೆ. ಮಕ್ಕಳಿಗಾದರೆ ರಕ್ತ ಕಮ್ಮಿಯಾಗತ್ತೆ, ಹೊಟ್ಟೆನೋವು ಬರತ್ತೆ, ಬುದ್ಧಿ ಮಂಕಾಗತ್ತೆ" ಅಂದಳು.

ಕಾಗದವನ್ನು ಮಡಿಸಿ ಬೀರುವಿನಲ್ಲಿ ಬಟ್ಟೆಯಡಿ ಇಟ್ಟೆ. ಕೂಟ ಮುಚ್ಚಿದ ಮೇಲೆ ನಾನು ಯಾರಿಗೂ ಬೇಡದವನಾಗಿದ್ದೆ ಮಗಳೇ. ಈ ತೋಟ ಬಂದಮೇಲೆ ಬೀದಿಯವರು ನಿಂತು ಮಾತಾಡಿಸುತ್ತಿದ್ದರು, ಸಲಹೆ ಕೇಳುತ್ತಿದ್ದರು. ಅದು ಹೋಗುವುದು ನನಗೆ ಬೇಕಿರಲಿಲ್ಲ. ಪರೀಕ್ಷೆ ಮಾಡುವವರೂ ತಪ್ಪುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನ ಕಾಗದ ಬಂದ ದಿನ ಅದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ರಕ್ತ, ಹೊಟ್ಟೆ, ಮರೆವು. ಮೂರನೆಯದಕ್ಕೆ ಓದುವುದನ್ನು ಬಿಟ್ಟೆ. ಎದ್ದು ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಿತ್ತೆ, ಕಾಯಿ ಬಿಟ್ಟಿದ್ದ ಬದನೆಯನ್ನೂ ಬಿಡಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ನಿಮಗೇನು ತಲೆ ಕೆಟ್ಟಿದ್ಯೇನ್ರೀ?" ಎಂದಳು. ಮಣ್ಣು ಪರೀಕ್ಷೆಯ ಕಾಗದ ತೋರಿಸಿದೆ. "ಮಗು ಆ ಮಣ್ಣಲ್ಲೇ ಕೂತು ಮೂಲಂಗಿ ಕಿತ್ತು ತಿಂತಿತ್ತಲ್ರೀ" ಅಂದಳು. ಅಂದಿನಿಂದ ಊಟಕ್ಕೆ ಬಡಿಸುತ್ತಾಳೆ, ಮಾತಿಲ್ಲ.

ನಾಳೆಯೇ ರಜೆ ಹಾಕಿ ಗುಬ್ಬಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ ಎಂದು ನೀನೇ ಬಾಯಿಬಿಟ್ಟು ಕೇಳು, ಕೇಳದಿದ್ದರೆ ಅವರು ನೋಡುವುದಿಲ್ಲ. ಮೂರು ವರ್ಷ ನಮ್ಮ ಮನೆಯಲ್ಲಿದ್ದಳು, ದಿನವೂ ಆ ಸೊಪ್ಪು ತಿಂದಳು ಎಂದು ಹೇಳು. ಮಣ್ಣಿನ ಕಾಗದದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮನೆಯ ಮುಂದೆ ನೆಲಕ್ಕೆ ಏನೂ ಹಾಕಬೇಡ. ಮೊಳಕಾಲೆತ್ತರದ ಮರದ ಪೆಟ್ಟಿಗೆ ಮಾಡಿಸಿ, ಎಲ್ಲಿಂದ ಬಂದದ್ದೆಂದು ಕೇಳಿ ತಿಳಿದು, ಪರೀಕ್ಷೆಯಾದ ಹೊಸ ಮಣ್ಣನ್ನೇ ತುಂಬಿಸು.

ನಿನಗೂ ನಿನ್ನ ಗಂಡನಿಗೂ ದೇವರು ಗಟ್ಟಿ ಮನಸ್ಸು ಕೊಡಲಿ. ಗುಬ್ಬಿಗೆ ನನ್ನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ಸೇರಲಿ.

ನಿನ್ನ ಅಪ್ಪ

ಮರೆತದ್ದು: ಮರೆತದ್ದೇನೂ ಅಲ್ಲ. ನಕಲಿನ ಮೇಲಿನ ತಾರೀಕನ್ನು ನೀನು ಹೇಗೂ ನೋಡುತ್ತೀಯ. ಏಪ್ರಿಲ್ ಎಂಟು. ನೀನು ಬಂದು ಗುಬ್ಬಿಯನ್ನು ಕರೆದುಕೊಂಡು ಹೋದದ್ದು ಮೇ ಹತ್ತೊಂಬತ್ತಕ್ಕೆ. ನಡುವೆ ನಲವತ್ತೊಂದು ದಿನ. "ಮನೇಲಿ ಮಕ್ಕಳಿದಾರಾ?" ಎಂದು ಆ ಹೆಣ್ಣುಮಗಳು ಕೇಳಿದ್ದಳು. ಗುಬ್ಬಿ ಒಳಗೆ ನಿದ್ದೆ ಮಾಡುತ್ತಿದ್ದಳು. ಇಲ್ಲ ಅಂದೆ. ಆ ಸಂಜೆಯೂ ಸೊಪ್ಪು ಕೊಯ್ದುಕೊಂಡು ಬಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮನಿಗೆ ತಾರೀಕಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ತೋರಿಸಿದ್ದೇನೆ. ಅವಳಿಗೆ ನೀನೇ ಹೇಳು, ನನ್ನಿಂದ ಆಗುತ್ತಿಲ್ಲ.