ಜಾಮೀನಿನ ಫೋಟೋ

ಪ್ರೀತಿಯ ಅಬ್ಬಾ, ಸಲಾಂ.

ನಮ್ಮ ಮನೆಯಲ್ಲಿ ಊಟ, ನಿದ್ದೆ, ನಮಾಜಿನ ಮಾತಿಗೆಲ್ಲ ಉರ್ದು. ತಮಾಷೆಗೆ, ಬೈಗುಳಕ್ಕೆ, ಕಾಗದಕ್ಕೆ ಕನ್ನಡ. ಹಾವೇರಿಯ ಹಾಸ್ಟೆಲಿನಿಂದ ನಾನು ಬರೆದದ್ದನ್ನೆಲ್ಲ ನೀವು ತಪ್ಪು ಹುಡುಕುತ್ತಲೇ ಓದುತ್ತಿದ್ದಿರಿ. ಒಂದು ಒತ್ತಕ್ಷರ ಜಾರಿದರೂ ರಜೆಗೆ ಬಂದಾಗ ಕಿವಿ ಹಿಂಡುತ್ತಿದ್ದಿರಿ. ಈ ಕಾಗದದಲ್ಲೂ ತಪ್ಪಿರಬಹುದು. ಹಿಂಡಲು ನೀವು ಬರುವುದಾದರೆ... ಇರಲಿ, ಒಂದು ಸುದ್ದಿ ಹೇಳುವುದಿದೆ. ನೀವು ಕೇಳದೆ ಹೋದ ಸುದ್ದಿ.

ಆ ಸಣ್ಣ ಕ್ಯಾಮೆರಾ ತಂದುಕೊಟ್ಟ ದಿನ ನೆನಪಿದೆಯೇ? ದೊಡ್ಡ ಕ್ಯಾಮೆರಾ ಎತ್ತಿದರೆ ನಿಮ್ಮ ಕೈ ನಡುಗಲು ಶುರುವಾಗಿತ್ತು. ಅಂಗೈಯಲ್ಲಿ ಹಿಡಿಸುವಂಥದ್ದೊಂದನ್ನು ತಂದು, ಬ್ಯಾಡಗಿಯ ನಮ್ಮ ಸ್ಟುಡಿಯೋದ ಮೇಜಿನ ಮೇಲಿಟ್ಟು, ಅಂಗಡಿಯವನು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸಿದೆ. "ಇದ್ರಾಗ ಎಚ್‌ಡಿ ವಿಡಿಯೋ ಸೈತ ಬರತೈತಿ ಅಬ್ಬಾ." ನೀವು ಅದನ್ನು ತಿರುಗಿಸಿ ಮುರುಗಿಸಿ ನೋಡಿದಿರಿ. "ನನಗ್ಯಾಕವಾ ವಿಡಿಯೋ? ಮಂದೀನ ಅಲ್ಲಾಡದಂಗ ನಿಂದರಸೂದು ನನ್ನ ಕಸಬು. ಅಲ್ಲಾಡೂದು ಅವರಿಗೇ ಬರತೈತಿ" ಎಂದಿರಿ. ಫೋಟೋ ತೆಗೆಸಲು ಬಂದವರೂ ನಕ್ಕರು. ನನಗೆ ಮಾತ್ರ ಸಿಟ್ಟು ಬಂದಿತ್ತು.

ಫಿಲ್ಮಿನ ಕಾಲದಿಂದಲೂ ನಿಮ್ಮದೊಂದು ಪದ್ಧತಿ. ಯಾರದನ್ನೂ ಒಂದೇ ಸಲ ಹೊಡೆದವರಲ್ಲ. ಮೊದಲನೆಯದು ಫೋಟೋ, ಎರಡನೆಯದು ಜಾಮೀನು. ಮೊದಲನೆಯದರಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಅದರ ಪರವಾಗಿ ಎರಡನೆಯದು ನಿಲ್ಲಬೇಕು. "ಹಂಗ ಇರ್ರಿ, ಜಾಮೀನಿಗೆ ಇನ್ನೊಂದು" ಎನ್ನದೆ ಯಾರನ್ನೂ ಬಿಡುತ್ತಿರಲಿಲ್ಲ. ನಡುವೆಯಾದರೂ ಸುಮ್ಮನಿರುತ್ತಿದ್ದಿರೇ? ಕ್ಯಾಮೆರಾ ಇಳಿಸಿ, ಒಬ್ಬರ ಸೆರಗು ಸರಿಮಾಡಿಸಿ, ಇನ್ನೊಬ್ಬರ ಟೊಪ್ಪಿಗೆ ನೆಟ್ಟಗೆ ಮಾಡಿಸಿ, ಮೂರನೆಯವರ ಮಗಳ ಬಾಣಂತನ ವಿಚಾರಿಸಿ, ಆಮೇಲೆ ಜಾಮೀನು. ಮೆಣಸಿನಕಾಯಿ ಪೇಟೆಯ ಹಮಾಲರು ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ನಿಮ್ಮನ್ನು ಬೈದುಕೊಂಡೇ ಹೋಗುತ್ತಿದ್ದರು. ಮುಂದಿನ ಸಲವೂ ನಿಮ್ಮ ಹತ್ತಿರವೇ ಬರುತ್ತಿದ್ದರು.

ರಾಣೆಬೆನ್ನೂರಿನ ಚನ್ನಬಸಪ್ಪ ಕಾಕಾನ ಸೊಸೆ, ಬಸುರಿ ಗಂಗಾಳ ಕುಬಸಕ್ಕೆ ಆ ಸಣ್ಣದನ್ನೇ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೋದಿರಿ. ಬೀಜದ ಅಂಗಡಿಯ ಕಾಕಾ ನಿಮ್ಮ ಶಾಲೆಯ ಗೆಳೆಯ. ಅವರ ತಾಯಿ, ನಮಗೆಲ್ಲ ಆಯಿ, ನಿಮ್ಮನ್ನೂ ಹೊಟ್ಟೆಯ ಮಗನಂತೆಯೇ ಬೈಯುತ್ತಿದ್ದವರು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆಂದು ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಹಿಡಿಯುತ್ತಿದ್ದ ಆಯಿ, ಮರಿಮೊಮ್ಮಗು ಬರುತ್ತದೆಂಬ ಖುಷಿಯಲ್ಲಿ ಅಂದು ಮೊದಲ ಸಲ ಒಪ್ಪಿದ್ದರು. ಹಸಿರು ಸೀರೆ, ಹಸಿರು ಬಳೆಯ ಗಂಗಾಳ ಪಕ್ಕ ಅವರನ್ನು ಕೂರಿಸಿ ಹೊಡೆದಿರಿ, ಒಬ್ಬರನ್ನೇ ಕೂರಿಸಿಯೂ ಹೊಡೆದಿರಿ. ಸಂಜೆ ಫೋನಿನಲ್ಲಿ ಏನು ಸಂಭ್ರಮ ನಿಮಗೆ! "ಟಪ್ ಅಂತ ಸದ್ದೂ ಮಾಡಂಗಿಲ್ಲವಾ, ಬಾಳ ಸಭ್ಯಸ್ಥ ಕ್ಯಾಮೆರಾ." ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಮರುದಿನ ಲ್ಯಾಬಿನವನು ಕಾರ್ಡು ಹಾಕಿ ನೋಡಿ, "ಇದ್ರಾಗ ಒಂದೂ ಫೋಟೋ ಇಲ್ರಿ ಸಾಹೇಬ್ರ" ಎಂದನಂತೆ. ನೀವು ನನಗೆ ಫೋನ್ ಮಾಡಿದಾಗ ನಾನು ಹಾವೇರಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮಕ್ಕಳ ಗದ್ದಲ. "ಕ್ಯಾಮೆರಾ ಚಾಲೂ ಮಾಡಿದ್ರ್ಯೋ ಇಲ್ಲೋ ಅಬ್ಬಾ?" ಎಂದುಬಿಟ್ಟೆ. ಜೀವಮಾನವೆಲ್ಲ ಅದೇ ಕೆಲಸ ಮಾಡಿದವರಿಗೆ! ನೀವು ಫೋನ್ ಇಟ್ಟುಬಿಟ್ಟಿರಿ. ಹಾವೇರಿಯಿಂದ ಬ್ಯಾಡಗಿ ಎಷ್ಟು ದೂರ? ಒಮ್ಮೆ ಬಂದು ನೋಡಬಹುದಿತ್ತು. ನೋಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮುಂದಿನ ತಿಂಗಳೇ ಆಯಿ ತೀರಿಕೊಂಡರು. ಗೋಡೆಗೆ ಹಾಕಲು ಮನೆಯವರಿಗೆ ಸಿಕ್ಕಿದ್ದು ರೇಷನ್ ಕಾರ್ಡಿನ ಮಸುಕು ಮುಖವೊಂದೇ. ಆಯಿಯ ಮಣ್ಣಿಗೆಂದು ಹೋಗಿದ್ದ ನಿಮ್ಮನ್ನು ಕಾಕಾ ಎಲ್ಲರೆದುರು ಕೇಳಿದರು. "ಊರ ಮಂದೀದೆಲ್ಲಾ ತಗದಿ. ನಮ್ಮವ್ವಂದೊಂದು ತಗಿಯಾಕ ಆಗಲಿಲ್ಲೇನೋ ನಿನಗ?" ನೀವು ತಲೆ ತಗ್ಗಿಸಿ ಬಂದಿರಿ. ಇಬ್ಬರ ಮಾತು ಅಂದಿಗೆ ನಿಂತಿತು, ಸ್ಟುಡಿಯೋದ ಶಟರ್ ಅಂದಿಗೆ ಇಳಿಯಿತು. ಹೋದ ವರ್ಷ ನೀವೂ ಹೊರಟುಹೋದಿರಿ. ನಿಮ್ಮ ಮಣ್ಣಿಗೆ ಕಾಕಾ ಬಂದಿದ್ದರು. ದೂರ ನಿಂತಿದ್ದು, ಯಾರನ್ನೂ ಮಾತಾಡಿಸದೆ ಹೋದರು.

ಹೋದ ವಾರ ಶಾಲೆಯ ಮಕ್ಕಳನ್ನು ಗಳಗನಾಥಕ್ಕೆ ಕರೆದೊಯ್ಯುವುದಿತ್ತು. ಗುಡಿಯನ್ನೂ ಹೊಳೆಗಳು ಕೂಡುವ ಜಾಗವನ್ನೂ ಅವರೇ ತೆಗೆಯಲಿ ಎಂದು ನಿಮ್ಮ ಟ್ರಂಕಿನಿಂದ ಆ ಕ್ಯಾಮೆರಾ ತಂದು ಚಾರ್ಜಿಗೆ ಹಾಕಿದೆ. ಆನ್ ಮಾಡುವಾಗ ಕಣ್ಣಿಗೆ ಬಿತ್ತು, ಮೇಲಿನ ಆ ಪುಟ್ಟ ಗಾಲಿ. ಅದು ಫೋಟೋದ ಗುರುತಿನ ಮೇಲಿರಲಿಲ್ಲ, ವಿಡಿಯೋದ ಮೇಲಿತ್ತು. ಕಿಸೆಗೆ ಹಾಕುವಾಗಲೋ ತೆಗೆಯುವಾಗಲೋ ತಿರುಗಿಬಿಟ್ಟಿದೆ. ಒಮ್ಮೆ ಒತ್ತಿದರೆ ವಿಡಿಯೋ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ತಿಳಿಯಿತೇ ಅಬ್ಬಾ? ನೀವು ಫೋಟೋ ಎಂದು ಒತ್ತಿದಾಗ ಅದು ಶುರುವಾಗಿದೆ. ಜಾಮೀನು ಎಂದು ಒತ್ತಿದಾಗ ನಿಂತಿದೆ. ಎಲ್ಲರೂ ಉಸಿರು ಹಿಡಿದ ಗಳಿಗೆ ತಪ್ಪಿಹೋಗಿ, ನಡುವೆ ನಡೆದದ್ದೆಲ್ಲ ಬಂದಿದೆ. ಲ್ಯಾಬಿನವನು ಹೇಳಿದ್ದು ಸುಳ್ಳಲ್ಲ, ಅದರಲ್ಲಿ ಫೋಟೋ ಇರಲೇ ಇಲ್ಲ.

ಅದರೊಳಗೇ ಉಳಿದಿದ್ದ ಕಾರ್ಡಿನ ವಿಡಿಯೋಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಮೊದಲು ನಗು ಬಂತು. ನಿಮ್ಮ ಮಣಿಕಟ್ಟಿನಿಂದ ತೂಗಾಡುವ ಕ್ಯಾಮೆರಾಕ್ಕೆ ಕಂಡದ್ದೇನು? ಫರಸಿಕಲ್ಲು, ಕಾಲುಂಗುರ, ತಲೆಕೆಳಗಾದ ಫ್ಯಾನು. ಮೇಲಿನಿಂದ ನಿಮ್ಮ ದನಿ, ಯಾರದೋ ಸೆರಗಿನ ಚಿಂತೆ. ಆದರೆ ಕೊನೆಯದರಲ್ಲಿ ನೀವು ಜಾಮೀನನ್ನೇ ಮರೆತಿದ್ದೀರಿ. "ಬಿಡೋ ಇಮಾಮಾ ಅದನ್ನ, ಉಣ್ಣಾಕ ಕುಂದರ" ಎನ್ನುತ್ತಾರೆ ಆಯಿ. ನೀವು ಕ್ಯಾಮೆರಾವನ್ನು ಗೋಡೆಯ ಗೂಡಿನಲ್ಲಿಟ್ಟು ಕೂರುತ್ತೀರಿ. ಅದರ ಮುಖ ಸರಿಯಾಗಿ ನಿಮ್ಮಿಬ್ಬರ ಕಡೆಗೇ ಇದೆ. ನಾನು ಎಚ್‌ಡಿ ಎಂದು ಕೊಚ್ಚಿಕೊಂಡದ್ದು ಸುಳ್ಳಾಗಲಿಲ್ಲ. ಹೋಳಿಗೆಯ ಮೇಲೆ ಬೀಳುವ ತುಪ್ಪ, ಆಯಿಯ ಕೈಯ ಹಚ್ಚೆ, ನಿಮ್ಮ ಗಡ್ಡದ ಒಂದೊಂದು ಬಿಳಿ ಕೂದಲೂ ಕಾಣುತ್ತದೆ. ಕಾಕಾ ಬಂದು ಗದರುತ್ತಾರೆ, "ನಿನ್ನ ಫೋಟೋದ ಸಲವಾಗಿ ಮಂದಿ ಉಪಾಸ ಕುಂತೈತಿ ನೋಡಲೇ!" ಅವರು ಅತ್ತ ಹೋದದ್ದೇ ಆಯಿ ನಿಮಗೆ ಇನ್ನೊಂದು ಹೋಳಿಗೆ ಬಡಿಸುತ್ತ ಅನ್ನುತ್ತಾರೆ, "ಅವನ ಮಾತು ಮನಸಿಗೆ ಹಚ್ಕೋಬ್ಯಾಡಪಾ. ನನ್ನ ಮಗಾ ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ. ಬರೇ ಕೆಂಪ. ಖಾರ ಎಲ್ಲೈತಿ?" ನೀವು ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತೀರಿ. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ ಅಬ್ಬಾ. ಕೂತಲ್ಲೇ ಅತ್ತುಬಿಟ್ಟೆ.

ಕಾಕಾಗೆ ತೋರಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಮಾಯುತ್ತಿರುವ ಗಾಯ ಕೆರೆದಂತಾದರೆ? ತೋರಿಸದಿದ್ದರೆ ನಿಮ್ಮ ಮೇಲಿನ ಮಾತು ಹಾಗೇ ಉಳಿಯುತ್ತದಲ್ಲ? ಭಾನುವಾರ ರಾಣೆಬೆನ್ನೂರಿನ ಬಸ್ ಹತ್ತಿದೆ. "ಏನವಾ ನಸೀಮಾ, ಇತ್ತಕಡೆ?" ಎಂದರು ಕಾಕಾ, ಕುಂದ್ರು ಎನ್ನಲಿಲ್ಲ. ಗಂಗಾ ಒಳಗೆ ಕರೆದು ಟಿವಿಗೆ ವೈರು ಸಿಕ್ಕಿಸಿಕೊಟ್ಟಳು. ಆಯಿಯ ದನಿ ಕೇಳಿದ್ದೇ ಕಾಕಾ ಒಳಗೆ ಬಂದು ಟಿವಿಯ ಮುಂದೆ ನೆಲದ ಮೇಲೇ ಕೂತರು. ಅಂದು ಹೊಟ್ಟೆಯಲ್ಲಿದ್ದ ಗಂಗಾಳ ಮಗಳು ಟಿವಿಯ ಹತ್ತಿರ ಹೋಗಿ ಆಯಿಗೆ ಕೈ ಚಾಚಿ ಹೋಳಿಗೆ ಕೇಳಿದಳು. "ಬರೇ ಕೆಂಪ" ಎಂಬ ಮಾತಿಗೆ ಗಂಗಾ ನಕ್ಕಳು. ಕಾಕಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಇನ್ನೊಮ್ಮೆ ಹಚ್ಚವಾ" ಎಂದರು. ನಾಲ್ಕು ಸಲ ಹಚ್ಚಿದೆ. ಆಮೇಲೆ ಕೇಳಿದರು, "ಇದನ್ನ ಇಮಾಮ ನೋಡ್ಯಾನೇನು?"

"ಇಲ್ಲ ಕಾಕಾ. ಫೋಟೋ ಬರಲಿಲ್ಲ ಅಂತನ ಹ್ವಾದ್ರು."

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ನಾಳೆ ಬ್ಯಾಡಗಿಗೆ ಬರ್ತೇನಿ" ಎಂದಷ್ಟೇ ಹೇಳಿದರು. ಹೊರಡುವಾಗ ಗಂಗಾ, ಮಗಳ ಹುಟ್ಟುಹಬ್ಬಕ್ಕೆ ನೀನೇ ಬಂದು ಫೋಟೋ ತೆಗೆಯಬೇಕು ಎಂದಳು. ಒಪ್ಪಿಕೊಂಡೆ. ಭಾನುವಾರಗಳಲ್ಲಿ ಸ್ಟುಡಿಯೋದ ಶಟರನ್ನೂ ಎತ್ತುತ್ತೇನೆ ಅಬ್ಬಾ. ಫೋಟೋ ತೆಗೆಯುತ್ತೇನೆ, ನಡುವಿನದ್ದನ್ನೂ ಬಿಡುವುದಿಲ್ಲ.

ನಿನ್ನೆ ಕಾಕಾ ಬಂದರು. ನಮ್ಮಲ್ಲಿ ಹೆಂಗಸರು ಕಬರಸ್ತಾನದ ಒಳಗೆ ಹೋಗುವುದಿಲ್ಲವಲ್ಲ, ನಾನು ಗೋಡೆಯ ಹೊರಗೇ ನಿಂತೆ. ನೀವಿರುವ ಜಾಗ ಹೇಳಿದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಕಾಕಾನ ದನಿ ನಿಮಗೆ ಗೊತ್ತೇ ಇದೆ, ಪಿಸುಮಾತು ಅವರಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ಗೋಡೆ ದಾಟಿ ರಸ್ತೆಗೂ ಕೇಳುವಷ್ಟು ಜೋರಾಗಿ ಅಂದರು:

"ಇಮಾಮಾ, ಫೋಟೋ ಬಂದಾವೋ. ನಮ್ಮವ್ವ ಬಂದಾಳ. ನೀನೂ ಬಂದೀದಿ."

ನಿಮ್ಮ ಮಗಳು,
ನಸೀಮಾ